ಮುಖಕ್ಕೆ ಬಾದಾಮಿ ಎಣ್ಣೆ: ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಹಚ್ಚಬಹುದೆ?

ಕುಂಬಳೆಯ ಟೀಚರ್ (ಸೋಮವಾರ, ರಾತ್ರಿ 9.20)

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ ಪ್ರಾಯ. ಕುಂಬಳೆಯ ಸಮೀಪದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಸೋಲಾಪುರದಲ್ಲಿರುವ ನನ್ನ ನಾದಿನಿ ಮೇ ತಿಂಗಳಲ್ಲಿ ಮನೆಗೆ ಬಂದಿದ್ದಾಗ, ಆಕೆಯ ಕೆನ್ನೆ ಎಳೆ ಬೊಂಡದ ಗಂಜಿಯಂತೆ ನುಣುಪಾಗಿರುವುದನ್ನು ಕಂಡು ಗುಟ್ಟೇನೆಂದು ಕೇಳಿದೆ. ರಾತ್ರಿ ಮಲಗುವ ಮೊದಲು ನಾಲ್ಕು ಹನಿ ಬಾದಾಮಿ ಎಣ್ಣೆ ತಿಕ್ಕಿಕೊಳ್ಳುವುದನ್ನು ಬಿಟ್ಟರೆ ಬೇರೇನೂ ಮಾಡುವುದಿಲ್ಲ ಎಂದಳು. ನಾನೂ ಪೇಟೆಯ ಅಂಗಡಿಯೊಂದರಿಂದ, ಶುದ್ಧ ಬಾದಾಮಿ ಎಣ್ಣೆ ಎಂದು ಮಲಯಾಳದಲ್ಲಿ ಬರೆದಿದ್ದ 100 ಮಿಲಿಲೀಟರಿನ ಬಾಟಲಿಯನ್ನು 120 ರೂಪಾಯಿ ಕೊಟ್ಟು ತಂದೆ.

ಮೊದಲ ಎರಡು ವಾರ ಮುಖ ಮೃದುವಾಯಿತೆಂದು ನನಗೇ ಅನ್ನಿಸಿತು. ಮಳೆ ಹಿಡಿದ ಮೇಲೆ ಹಣೆಯಲ್ಲಿ, ಕೂದಲಿನಂಚಿಗೆ ಒತ್ತಿಕೊಂಡು, ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದವು. ಕನ್ನಡಿಯ ಮುಂದೆ ಓರೆಯಾಗಿ ನಿಂತರೆ ಹಣೆಯ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ, ಬೆವರಿದಾಗ ತುರಿಸುತ್ತದೆ. ಅತ್ತೆಯವರು ಅದು ಉಷ್ಣದಿಂದ ಆದದ್ದು ಎನ್ನುತ್ತಾರೆ. ನಾದಿನಿಯಾದರೋ ಒಳಗಿನ ಕಸ ಹೊರಗೆ ಬರುತ್ತಿದೆ, ಈಗ ನಿಲ್ಲಿಸಬಾರದು ಎನ್ನುತ್ತಾಳೆ. ಯಾರ ಮಾತನ್ನು ಕೇಳಲಿ?

ಪಡುಗಾಳಿ, ಮಂಜೇಶ್ವರ

ಇಬ್ಬರ ಮಾತನ್ನೂ ಕೇಳಬೇಡಿ, ಹಣೆಯ ಮಾತನ್ನು ಕೇಳಿ. ಇಂದೇ ನಿಲ್ಲಿಸಿ.

ಸೋಲಾಪುರದ ಸೊಸೆ

ನಿಮ್ಮ ನಾದಿನಿಯ ಪರವಾಗಿ ನಾನು ಮಾತನಾಡುತ್ತೇನೆ, ಏಕೆಂದರೆ ನಾನೂ ಅದೇ ಊರಿನವಳು. ಹುಟ್ಟಿದ್ದು ಪೆರ್ಲದಲ್ಲಿ, ಮದುವೆಯಾಗಿ ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಡಿಸೆಂಬರ್ ಬಂತೆಂದರೆ ಇಲ್ಲಿ ತುಟಿ ಒಡೆಯುತ್ತದೆ, ಕೆನ್ನೆಯ ಮೇಲೆ ಉಗುರಿನಿಂದ ಗೀರಿದರೆ ಬಿಳಿಯ ಗೆರೆ ಮೂಡುತ್ತದೆ. ಊರಿನಲ್ಲಿದ್ದಾಗ ಮುಖಕ್ಕೆ ಏನನ್ನೂ ಹಚ್ಚದಿದ್ದ ನಾನು ಇಲ್ಲಿ ಬಾದಾಮಿ ಎಣ್ಣೆಯಿಲ್ಲದೆ ಮಲಗುವುದಿಲ್ಲ. ಆದರೆ ರಜೆಗೆ ಪೆರ್ಲಕ್ಕೆ ಹೋದಾಗ ಅದೇ ಎಣ್ಣೆಯನ್ನು ಹಚ್ಚಿದರೆ ಬೆಳಗ್ಗೆ ಮುಖ ಉದ್ದಿನ ಹಿಟ್ಟಿನ ಪಾತ್ರೆಯ ಹಾಗೆ ಜಿಡ್ಡಾಗಿರುತ್ತದೆ. ಆದ್ದರಿಂದ ನಾದಿನಿ ಸುಳ್ಳು ಹೇಳಲಿಲ್ಲ. ಆಕೆ ಹೇಳಿದ್ದು ಆಕೆಯ ಊರಿನ ಸತ್ಯ.

ಮದ್ದಿನಂಗಡಿ, ಬದಿಯಡ್ಕ

ಸೋಲಾಪುರದವರು ಹೇಳಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಫಾರ್ಮಸಿ ಓದಿದವನು, ಚರ್ಮದ ವೈದ್ಯನಲ್ಲ. ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ.

ಯಾವ ಎಣ್ಣೆಯೂ ಚರ್ಮಕ್ಕೆ ನೀರನ್ನು ಕೊಡುವುದಿಲ್ಲ. ಇರುವ ನೀರು ಆರಿ ಹೋಗದಂತೆ ತಡೆಯುತ್ತದೆ ಮತ್ತು ಒಣಗಿದ ಹೊರಪದರದ ಸಂದುಗಳನ್ನು ತುಂಬಿ ನುಣುಪು ಮಾಡುತ್ತದೆ. ಗಾಳಿಯೇ ನೀರಿನಿಂದ ತುಂಬಿರುವ ನಮ್ಮ ಜಿಲ್ಲೆಯಲ್ಲಿ, ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕೆಲಸಕ್ಕೆ ಹೆಚ್ಚಿನವರ ಮುಖದಲ್ಲಿ ಅವಕಾಶವೇ ಇರುವುದಿಲ್ಲ.

ಇನ್ನು ಒಳಗಿನ ಕಸದ ವಿಚಾರ. ರೆಟಿನಾಯ್ಡ್‌ನಂಥ ಮುಲಾಮುಗಳು ಚರ್ಮದ ಕೋಶಗಳು ಉದುರಿ ಹೊಸದಾಗುವ ವೇಗವನ್ನು ಹೆಚ್ಚಿಸುವುದರಿಂದ, ಆರಂಭದಲ್ಲಿ ಕೆಲವು ವಾರ ಮೊಡವೆ ಹೆಚ್ಚಾಗುವುದುಂಟು. ಬಾದಾಮಿ ಎಣ್ಣೆಗೆ ಅಂಥ ಗುಣವಿಲ್ಲ. ಎಣ್ಣೆ ಹಚ್ಚಿದ ಮೇಲೆ ಗುಳ್ಳೆ ಎದ್ದರೆ, ಎಣ್ಣೆ ಹಿಡಿಸಲಿಲ್ಲ ಎಂದೇ ಅರ್ಥ.

ಟೀಚರ್ ಬರೆದಿರುವ ಲಕ್ಷಣಗಳಲ್ಲಿ ನನ್ನ ಗಮನ ಸೆಳೆದದ್ದು ತುರಿಕೆ. ಸಾಮಾನ್ಯ ಮೊಡವೆ ಹಾಗೆ ತುರಿಸುವುದಿಲ್ಲ. ಎಲ್ಲರ ಚರ್ಮದಲ್ಲಿಯೂ ಇರುವ ಮಲಸೇಜಿಯ ಎಂಬ ಒಂದು ಬಗೆಯ ಯೀಸ್ಟ್ ಕೊಬ್ಬಿನ ಆಮ್ಲಗಳನ್ನು ತಿಂದು ಬದುಕುತ್ತದೆ. ಬಿಸಿ, ಬೆವರು ಮತ್ತು ಜಿಡ್ಡು ಒಟ್ಟಿಗೆ ಸಿಕ್ಕಿದರೆ ಅದು ಕೂದಲಿನ ಬುಡಗಳಲ್ಲಿ ಬೆಳೆದು, ಒಂದೇ ಗಾತ್ರದ, ತುರಿಸುವ ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತದೆ. ನಮ್ಮಲ್ಲಿ ಚಿಬ್ಬು ಎಂದು ಕರೆಯುವ ಬಿಳಿ ಮಚ್ಚೆಗೆ ಕಾರಣವೂ ಇದೇ ಯೀಸ್ಟ್. ಇದು ನನ್ನ ಊಹೆ ಮಾತ್ರ. ನೋಡಿ ಹೇಳಬೇಕಾದವರು ವೈದ್ಯರು.

ಅಜ್ಜಿಮನೆ, ಮುಳ್ಳೇರಿಯ

ಬಾದಾಮಿ ಬಾದಾಮಿ ಎನ್ನುತ್ತೀರಲ್ಲ, ನಮ್ಮ ಹಿತ್ತಿಲಿನಲ್ಲಿಯೇ ದೊಡ್ಡ ಬಾದಾಮಿ ಮರವಿದೆ. ಬಾವಲಿಗಳು ತಿಂದು ಬೀಳಿಸಿದ ಕಾಯಿಗಳನ್ನು ಮಕ್ಕಳು ಕಲ್ಲಿನಿಂದ ಜಜ್ಜಿ ತಿನ್ನುತ್ತಾರೆ. ಅದರ ಎಣ್ಣೆ ತೆಗೆದು ಹಚ್ಚಿದರೆ ಆಗದೆ?

ಮದ್ದಿನಂಗಡಿ, ಬದಿಯಡ್ಕ

ಅದು ಬೇರೆಯೇ ಮರ. ಕೊಡೆಯ ಹಾಗೆ ಅಂತಸ್ತು ಅಂತಸ್ತಾಗಿ ಕೊಂಬೆ ಚಾಚಿ, ಉದುರುವ ಮೊದಲು ಎಲೆ ಕೆಂಪಾಗುವ ಆ ಮರದ ಹೆಸರು ಟರ್ಮಿನಾಲಿಯ ಕಟಪ್ಪ. ಕಾಡುಬಾದಾಮಿ ಎನ್ನುವುದೂ ಅದನ್ನೇ, ಮಲಯಾಳದವರು ತಲ್ಲಿತ್ತೇಂಗ ಎನ್ನುವುದೂ ಅದನ್ನೇ. ಅಂಗಡಿಯ ಬಾದಾಮಿ ಪೀಚ್ ಮತ್ತು ಏಪ್ರಿಕಾಟ್ ಹಣ್ಣುಗಳ ಹತ್ತಿರದ ನೆಂಟ. ಅದು ನಮ್ಮ ಹವೆಯಲ್ಲಿ ಫಲ ಕೊಡುವುದಿಲ್ಲ. ಜಗತ್ತಿನ ಬಾದಾಮಿಯ ಸುಮಾರು ಐದರಲ್ಲಿ ನಾಲ್ಕು ಪಾಲು ಬೆಳೆಯುವುದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ನಮ್ಮ ದೇಶದಲ್ಲಿ ಬೆಳೆಯುವುದು ಮುಖ್ಯವಾಗಿ ಕಾಶ್ಮೀರದಲ್ಲಿ.

ಅಜ್ಜಿಮನೆ, ಮುಳ್ಳೇರಿಯ

ಹಾಗಾದರೆ ನಾವು ಇಷ್ಟು ವರ್ಷ ಜಜ್ಜಿ ತಿಂದದ್ದು ಬಾದಾಮಿಯೇ ಅಲ್ಲ ಎಂದಾಯಿತು. ಇರಲಿ, ರುಚಿಯಾಗಿಯೇ ಇತ್ತು.

ಅಡಕೆಸೋಗೆ, ನೀರ್ಚಾಲು

ಕ್ಯಾಲಿಫೋರ್ನಿಯದಿಂದ ಬರುವ ವಸ್ತುವನ್ನು ತೆಂಗಿನ ತೋಟದ ನಡುವೆ ಕುಳಿತು ಮುಖಕ್ಕೆ ತಿಕ್ಕಿಕೊಳ್ಳುವ ಈ ಮರುಳು ನನಗೆ ಅರ್ಥವಾಗುವುದಿಲ್ಲ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಊರು ನಮ್ಮದು. ಹಸಿ ತೆಂಗಿನಕಾಯಿಯ ಹಾಲನ್ನು ಕಾಯಿಸಿ ತೆಗೆದ ಉರುಕ್ಕು ಎಣ್ಣೆಯನ್ನು ಹುಟ್ಟಿದ ಮಗುವಿಗೂ ಹಚ್ಚುತ್ತೇವೆ. ಅದಕ್ಕಿಂತ ಒಳ್ಳೆಯದು ಯಾವುದಿದೆ?

ಪಡುಗಾಳಿ, ಮಂಜೇಶ್ವರ

ಮಗುವಿಗೆ ಮೊಡವೆ ಏಳುವ ಪ್ರಾಯವಲ್ಲ, ಸ್ವಾಮಿ. ನನ್ನ ಮಗಳು ಹತ್ತನೆಯ ತರಗತಿಯಲ್ಲಿ ನಿಮ್ಮಂಥವರ ಮಾತು ಕೇಳಿ ತೆಂಗಿನೆಣ್ಣೆ ಹಚ್ಚಿಕೊಂಡು, ಶಾಲೆಯ ಗುಂಪು ಫೋಟೋದಲ್ಲಿ ಮುಖವನ್ನು ಪಕ್ಕದವಳ ಹಿಂದೆ ಮರೆಮಾಡಿಕೊಂಡು ನಿಂತಿದ್ದಾಳೆ. ಆ ಫೋಟೋ ಈಗಲೂ ಗೋಡೆಯಲ್ಲಿದೆ.

ಮದ್ದಿನಂಗಡಿ, ಬದಿಯಡ್ಕ

ರಂಧ್ರ ಮುಚ್ಚುವ ಗುಣಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವ ಪಟ್ಟಿಗಳಿವೆ. ಸಾಮಾನ್ಯವಾಗಿ ಕಾಣಸಿಗುವ ಪಟ್ಟಿಗಳಲ್ಲಿ ತೆಂಗಿನೆಣ್ಣೆಗೆ 4, ಬಾದಾಮಿ ಎಣ್ಣೆಗೆ 2. ಆದರೆ ಈ ಅಂಕಗಳನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. 1970ರ ದಶಕದಲ್ಲಿ ಆಲ್ಬರ್ಟ್ ಕ್ಲಿಗ್ಮನ್ ಮೊದಲಾದ ಅಮೆರಿಕದ ಚರ್ಮತಜ್ಞರು ಮೊಲದ ಕಿವಿಯ ಒಳಭಾಗಕ್ಕೆ ವಸ್ತುಗಳನ್ನು ಹಚ್ಚಿ ನೋಡಿದ ಪರೀಕ್ಷೆಗಳಿಂದ ಈ ಪದ್ಧತಿ ಹುಟ್ಟಿತು. ಮೊಲದ ಕಿವಿ ಮನುಷ್ಯರ ಕೆನ್ನೆಗಿಂತ ಬಹಳ ಬೇಗ ಕೆರಳುತ್ತದೆ. ಜೊತೆಗೆ, ಎರಡು ಹನಿ ಹಚ್ಚುವುದೂ ಅಂಗೈ ತುಂಬ ಸುರಿದುಕೊಳ್ಳುವುದೂ ಒಂದೇ ಅಲ್ಲ.

ಅಡಕೆಸೋಗೆ, ನೀರ್ಚಾಲು

ಮೊಲದ ಕಿವಿಯನ್ನು ನಂಬಿ ಅಜ್ಜಿಯ ಮಾತನ್ನು ಬಿಡಬೇಕೆ?

ಪಡುಗಾಳಿ, ಮಂಜೇಶ್ವರ

ಅಜ್ಜಿ ಎಣ್ಣೆ ಹಚ್ಚಿ ಅರ್ಧ ಗಂಟೆಯಲ್ಲಿ ಕಡಲೆ ಹಿಟ್ಟು, ಬಿಸಿನೀರು ಹಾಕಿ ತಿಕ್ಕಿ ತೊಳೆಯುತ್ತಿದ್ದರು. ನೀವು ರಾತ್ರಿಯಿಡೀ ಹಾಗೆಯೇ ಬಿಟ್ಟು, ದಿಂಬಿಗೂ ಅಷ್ಟು ಕುಡಿಸಿ, ಅಜ್ಜಿಯ ಹೆಸರು ಹೇಳುತ್ತೀರಿ.

ಕುಂಬಳೆಯ ಟೀಚರ್ (ಮಂಗಳವಾರ, ಸಂಜೆ 5.45)

ಮದ್ದಿನಂಗಡಿಯವರಿಗೆ ಕೃತಜ್ಞತೆಗಳು. ನಿನ್ನೆ ರಾತ್ರಿಯಿಂದಲೇ ನಿಲ್ಲಿಸಿದ್ದೇನೆ, ಮಂಗಳೂರಿನಲ್ಲಿ ಚರ್ಮದ ವೈದ್ಯರೊಬ್ಬರಲ್ಲಿ ಶನಿವಾರಕ್ಕೆ ಸಮಯವನ್ನೂ ಕೇಳಿದ್ದೇನೆ. ಆದರೆ ಒಂದು ಸಂಶಯ. ಕಣ್ಣಿನ ಕೆಳಗಿನ ಕಪ್ಪು ಈ ಎಣ್ಣೆಯಿಂದ ಹೋಗುತ್ತದೆ, ಬಣ್ಣ ತಿಳಿಯಾಗುತ್ತದೆ ಎಂದೆಲ್ಲ ಬಾಟಲಿಯ ಮೇಲೆ ಬರೆದಿದೆ. ಅದಾದರೂ ನಿಜವೆ?

ಮದ್ದಿನಂಗಡಿ, ಬದಿಯಡ್ಕ

ಕಣ್ಣಿನ ಕೆಳಗಿನ ಕಪ್ಪಿಗೆ ಕಾರಣಗಳು ಹಲವು: ವಂಶದಿಂದ ಬಂದ ಬಣ್ಣ, ತೆಳುವಾದ ಚರ್ಮದ ಅಡಿಯಲ್ಲಿ ತೋರುವ ರಕ್ತನಾಳಗಳು, ಅಲರ್ಜಿಯಿಂದ ಕಣ್ಣುಜ್ಜಿಕೊಳ್ಳುವ ಅಭ್ಯಾಸ, ಕೆಲವೊಮ್ಮೆ ರಕ್ತಹೀನತೆ. ಇವುಗಳಲ್ಲಿ ಯಾವುದನ್ನೂ ಎಣ್ಣೆ ಸರಿಪಡಿಸುವುದಿಲ್ಲ. ಒಣ ಚರ್ಮದ ಸಣ್ಣ ಗೆರೆಗಳು ಎಣ್ಣೆ ತಾಗಿದಾಗ ಮಸುಕಾಗಿ, ಬೆಳಕು ಬಿದ್ದು ಆ ಜಾಗ ಹೊಳೆಯುವುದರಿಂದ ಕಪ್ಪು ಕಡಿಮೆಯಾದಂತೆ ಕಾಣುತ್ತದೆ. ತೊಳೆದರೆ ಮತ್ತೆ ಮೊದಲಿನಂತೆಯೇ. ಇ ಜೀವಸತ್ವ ಈ ಎಣ್ಣೆಯಲ್ಲಿದೆ ಎಂಬುದು ನಿಜ; ಅದು ಇದ್ದ ಮಾತ್ರಕ್ಕೆ ಚರ್ಮ ಬೆಳ್ಳಗಾಗುತ್ತದೆ ಎಂಬುದು ವ್ಯಾಪಾರದ ಮಾತು. ಬಿಸಿಲಿನಿಂದ ರಕ್ಷಿಸುತ್ತದೆ ಎಂದು ನಂಬಿ ಸನ್‌ಸ್ಕ್ರೀನ್ ಬಿಡುವವರೂ ಇದ್ದಾರೆ, ದಯವಿಟ್ಟು ಅದನ್ನು ಮಾಡಬೇಡಿ.

ತಾಳವಾಡಿಯ ಬೆಟ್ಟ

ಬಾದಾಮಿಯಿಂದ ಮುಖದ ಸುಕ್ಕು ಕಡಿಮೆಯಾಯಿತೆಂದು ಅಮೆರಿಕದ ವಿಶ್ವವಿದ್ಯಾಲಯವೇ ತೋರಿಸಿದೆಯಲ್ಲ? ನಾನು ಓದಿದ ನೆನಪಿದೆ.

ಮದ್ದಿನಂಗಡಿ, ಬದಿಯಡ್ಕ

ನೀವು ಓದಿದ್ದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಿಂದ 2019ರಲ್ಲಿ ಬಂದ ಅಧ್ಯಯನವಾಗಿರಬೇಕು. ಅದರಲ್ಲಿ ಮುಟ್ಟು ನಿಂತ 28 ಮಹಿಳೆಯರು ಭಾಗವಹಿಸಿದ್ದರು. ಅವರಲ್ಲಿ ಒಂದು ಗುಂಪಿನವರು 16 ವಾರ ದಿನವೂ ಬಾದಾಮಿಯನ್ನು ತಿಂದರು. ಗಮನಿಸಿ, ತಿಂದರು. ಮುಖಕ್ಕೆ ಎಣ್ಣೆ ಹಚ್ಚಿದ್ದಲ್ಲ. ಹಣ ಕೊಟ್ಟದ್ದು ಕ್ಯಾಲಿಫೋರ್ನಿಯದ ಬಾದಾಮಿ ಮಂಡಳಿ. ಆ ಫಲಿತಾಂಶವನ್ನು ಎಣ್ಣೆಯ ಬಾಟಲಿಗೆ ಅಂಟಿಸುವುದು ಅಡಕೆಯ ಲೆಕ್ಕವನ್ನು ತೆಂಗಿಗೆ ಬರೆದ ಹಾಗೆ.

ಲೆಕ್ಕಿಗ, ಉಪ್ಪಳ

ನಾನು ಚರ್ಮದ ಬಗ್ಗೆ ಏನೂ ಅರಿಯದವನು, ಆದರೆ ಮೊದಲ ಬರಹದಲ್ಲಿರುವ 120 ರೂಪಾಯಿಯನ್ನು ನೀವೆಲ್ಲ ದಾಟಿ ಹೋದದ್ದು ಹೇಗೆಂದು ಆಶ್ಚರ್ಯವಾಗುತ್ತಿದೆ. ಬಾದಾಮಿಯಲ್ಲಿ ತೂಕದ ಅರ್ಧದಷ್ಟು ಎಣ್ಣೆಯಿರುತ್ತದೆ, ಗಾಣಕ್ಕೆ ಹಾಕಿದರೆ ಅದೂ ಪೂರ್ತಿ ಇಳಿಯುವುದಿಲ್ಲ. 100 ಮಿಲಿಲೀಟರ್ ಎಣ್ಣೆ ಎಂದರೆ ಸುಮಾರು 91 ಗ್ರಾಂ. ಅಷ್ಟಕ್ಕೆ ಕಡಿಮೆಯೆಂದರೂ 200 ಗ್ರಾಂ ಬಾದಾಮಿ ಬೇಕು. ಮೊನ್ನೆ ನಾನು ಕಿಲೋಗೆ 800 ರೂಪಾಯಿ ಕೊಟ್ಟು ತಂದಿದ್ದೇನೆ. ಬರೀ ಕಾಳಿಗೆ 160 ರೂಪಾಯಿ ಆಯಿತು. ಗಾಣದ ಕೂಲಿ, ಬಾಟಲಿ, ತೆರಿಗೆ, ಅಂಗಡಿಯವರ ಲಾಭ ಎಲ್ಲವೂ ಸೇರಿದ ಮೇಲೆ 120ಕ್ಕೆ ಕೊಡುವವನು ಒಂದೋ ಪುಣ್ಯಾತ್ಮನಾಗಿರಬೇಕು, ಇಲ್ಲವೇ ಬಾಟಲಿಯಲ್ಲಿರುವುದು ಬೇರೆ.

ಪಡುಗಾಳಿ, ಮಂಜೇಶ್ವರ

ಇಲ್ಲಿಯವರೆಗೆ ಬಂದ ಬರಹಗಳಲ್ಲಿ ಉಪಯೋಗಕ್ಕೆ ಬರುವಂಥದ್ದು ಇದೊಂದೇ.

ಮದ್ದಿನಂಗಡಿ, ಬದಿಯಡ್ಕ

ಲೆಕ್ಕಿಗರಿಗೆ ತಲೆಬಾಗಿದೆ. ಟೀಚರ್, ಬಾಟಲಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವುದನ್ನು ಓದಿ ಹೇಳುವಿರಾ? ಬಾದಾಮಿಯ ಚಿತ್ರವಿರುವ ಎಷ್ಟೋ ತಲೆ ಎಣ್ಣೆಗಳಲ್ಲಿ ಮೊದಲ ಹೆಸರು ಲೈಟ್ ಲಿಕ್ವಿಡ್ ಪ್ಯಾರಾಫಿನ್ ಆಗಿರುತ್ತದೆ, ಅಂದರೆ ಖನಿಜ ತೈಲ. ಹೆಚ್ಚು ಇರುವ ವಸ್ತುವನ್ನು ಮೊದಲು ಬರೆಯುವುದು ಪದ್ಧತಿ. ಶುದ್ಧೀಕರಿಸಿದ ಪ್ಯಾರಾಫಿನ್ ವಿಷವೇನಲ್ಲ, ಹಲವು ಕ್ರೀಮುಗಳಲ್ಲಿಯೂ ಇದೆ. ತಲೆಗೆ ಮಾಡಿದ ಎಣ್ಣೆಯನ್ನು ಮುಖಕ್ಕೆ ಹಚ್ಚಿದಾಗ ಕೆರಳಿಸುವುದು ಹೆಚ್ಚಾಗಿ ಅದರಲ್ಲಿರುವ ಸುಗಂಧ. ಅಂದಹಾಗೆ ನಿಮ್ಮ ಎಣ್ಣೆಗೆ ಪರಿಮಳವಿದೆಯೆ?

ಕುಂಬಳೆಯ ಟೀಚರ್ (ಮಂಗಳವಾರ, ರಾತ್ರಿ 10.05)

ಅತ್ತೆಯವರ ಭೂತಗನ್ನಡಿ ಹಿಡಿದು ಓದಿದೆ. ಪ್ಯಾರಾಫಿನ್ ಇಲ್ಲ. ಬಾದಾಮಿ ಎಣ್ಣೆ, ಸುಗಂಧ ಎಂದು ಎರಡೇ ಹೆಸರು ಬರೆದಿದ್ದಾರೆ. ಪರಿಮಳ ಗಾಢವಾಗಿದೆ, ಮದುವೆ ಮನೆಯಲ್ಲಿ ಕೊಡುವ ಬಾದಾಮಿ ಹಾಲಿನ ಹಾಗೆಯೇ. ಆ ಪರಿಮಳವೇ ಶುದ್ಧತೆಯ ಗುರುತು ಎಂದು ನಾನು ತಿಳಿದಿದ್ದೆ.

ಮದ್ದಿನಂಗಡಿ, ಬದಿಯಡ್ಕ

ಆ ತಿಳಿವಳಿಕೆ ತಲೆಕೆಳಗಾಗಿದೆ. ಸಿಹಿ ಬಾದಾಮಿಯ ಎಣ್ಣೆ ತಿಳಿ ಹಳದಿಯಾಗಿದ್ದು, ಮೂಗಿನ ಹತ್ತಿರ ಹಿಡಿದರೂ ಬಹುಮಟ್ಟಿಗೆ ವಾಸನೆಯಿಲ್ಲದೆ ಇರುತ್ತದೆ. ನೀವು ಹೇಳುವ ಘಮ ಬೆಂಜಾಲ್ಡಿಹೈಡ್ ಎಂಬ ವಸ್ತುವಿನದು. ಅದು ಸಹಜವಾಗಿ ಸಿಗುವುದು ಕಹಿ ಬಾದಾಮಿಯಿಂದ. ಕಹಿ ಬಾದಾಮಿಯಲ್ಲಿರುವ ಅಮಿಗ್ಡಲಿನ್ ಒಡೆದಾಗ ಆ ಘಮದ ಜೊತೆಗೆ ಸಯನೈಡ್ ಕೂಡ ಹುಟ್ಟುತ್ತದೆ. ಆದ್ದರಿಂದ ಸಾಮಾನ್ಯವಾಗಿ ಬಾಟಲಿಗಳಿಗೆ ಹಾಕುವುದು ಕೃತಕ ಸುಗಂಧವನ್ನು. ಹೆದರಬೇಡಿ, ಆದರೆ ಸುವಾಸನೆಯನ್ನು ನಂಬಬೇಡಿ.

ಸೋಲಾಪುರದ ಸೊಸೆ

ನನ್ನ ಬಾಟಲಿಗೆ ವಾಸನೆಯೇ ಇಲ್ಲ. ತೆರೆದು ಎಂಟು ತಿಂಗಳಾದ ಮೇಲೆ ಒಮ್ಮೆ ಹಳೆಯ ಕೊಬ್ಬರಿಯಂತೆ ಕಮಟು ಬಂದಾಗ ಎಸೆದುಬಿಟ್ಟೆ. ಅದಾದ ಮೇಲೆ 50 ಮಿಲಿಲೀಟರಿನದನ್ನೇ ತರುತ್ತೇನೆ, ಬೆಳಕು ತಾಗದ ಕಪಾಟಿನಲ್ಲಿಡುತ್ತೇನೆ. ಇನ್ನೊಂದು ಮಾತು: ಇಲ್ಲಿಯ ಹಳಬರು ಬಾದಾಮಿಯ ಹೆಸರನ್ನೇ ಎತ್ತುವುದಿಲ್ಲ, ಕುಸುಬೆ ಎಣ್ಣೆಯನ್ನು ಕೈಕಾಲಿಗೆ ಸವರಿಕೊಳ್ಳುತ್ತಾರೆ.

ಮದ್ದಿನಂಗಡಿ, ಬದಿಯಡ್ಕ

ಹಳಬರ ಆಯ್ಕೆಯಲ್ಲಿ ಅರ್ಥವಿದೆ. ಬಾದಾಮಿ ಎಣ್ಣೆಯಲ್ಲಿ ಮೂರನೆಯ ಎರಡು ಪಾಲಿನಷ್ಟು ಓಲಿಯಿಕ್ ಆಮ್ಲ, ಕಾಲು ಪಾಲಿನಷ್ಟು ಲಿನೋಲಿಯಿಕ್ ಆಮ್ಲ. ಸಾಂಪ್ರದಾಯಿಕ ಕುಸುಬೆಯಲ್ಲಿ ಲಿನೋಲಿಯಿಕ್ ಆಮ್ಲವೇ ಮುಕ್ಕಾಲು ಪಾಲು. ಚರ್ಮದ ಹೊರಗೋಡೆಯನ್ನು ಕಟ್ಟಲು ಬೇಕಾದದ್ದು ಲಿನೋಲಿಯಿಕ್. ಓಲಿಯಿಕ್ ಅತಿಯಾದರೆ ಆ ಗೋಡೆಯ ಸಂದುಗಳು ಸಡಿಲವಾಗುತ್ತವೆ. ಒಣಗಿದ, ಗಟ್ಟಿ ಚರ್ಮಕ್ಕೆ ಅದು ಹಿತ, ಮೊದಲೇ ಕೆರಳಿದ ಚರ್ಮಕ್ಕೆ ಅಲ್ಲ.

ಅಡಕೆಸೋಗೆ, ನೀರ್ಚಾಲು

ಎರಡು ದಿನದಿಂದ ಆಮ್ಲಗಳ ಹೆಸರು ಕೇಳಿ ತಲೆ ಕೆರಳಿದೆ. ನಾಲ್ಪಾಮರಾದಿ, ಏಲಾದಿ ಎಂದು ನಮ್ಮ ವೈದ್ಯರು ಕೊಡುವ ತೈಲಗಳನ್ನು ಯಾರೂ ಏಕೆ ಹೇಳುತ್ತಿಲ್ಲ?

ಅಜ್ಜಿಮನೆ, ಮುಳ್ಳೇರಿಯ

ಏಲಾದಿ ಕೇರವನ್ನು ಕಾಯಿಸುವುದು ತೆಂಗಿನೆಣ್ಣೆಯಲ್ಲಿ. ಹೆಸರಿನಲ್ಲಿಯೇ ಕೇರವಿದೆಯಲ್ಲ! ನಾಲ್ಪಾಮರಾದಿ ಹಚ್ಚಿದರೆ ದಿಂಬಿನ ಬಟ್ಟೆ ಅರಿಸಿನವಾಗಿ, ಒಗೆದರೂ ಹೋಗುವುದಿಲ್ಲ. ಎರಡನ್ನೂ ಸ್ನಾನದ ಮೊದಲು ಹಚ್ಚಿ ತೊಳೆಯುವುದಕ್ಕೆಂದೇ ವೈದ್ಯರು ನನಗೆ ಕೊಟ್ಟದ್ದು, ಹಚ್ಚಿ ಮಲಗುವುದಕ್ಕಲ್ಲ.

ತಾಳವಾಡಿಯ ಬೆಟ್ಟ

ಬಾಟಲಿಯ ಎಣ್ಣೆ ಶುದ್ಧವೋ ಅಲ್ಲವೋ ಎಂದು ಮನೆಯಲ್ಲಿ ತಿಳಿಯುವ ದಾರಿಯಿಲ್ಲವೆ?

ಲೆಕ್ಕಿಗ, ಉಪ್ಪಳ

ಒಂದು ದಾರಿ ನನಗೆ ಹೊಳೆಯುತ್ತದೆ. ತೆಂಗಿನೆಣ್ಣೆ 24 ಡಿಗ್ರಿಯ ಸುತ್ತಮುತ್ತ ಹೆಪ್ಪುಗಟ್ಟುತ್ತದೆ, ತಾಳೆ ಎಣ್ಣೆಯೂ ತಣ್ಣಗಾದರೆ ಮಂದವಾಗುತ್ತದೆ. ಬಾದಾಮಿ ಎಣ್ಣೆ ಫ್ರಿಜ್ಜಿನಲ್ಲಿಟ್ಟರೂ ದ್ರವವಾಗಿಯೇ ಇರಬೇಕಲ್ಲವೆ, ಮದ್ದಿನಂಗಡಿಯವರೆ?

ಮದ್ದಿನಂಗಡಿ, ಬದಿಯಡ್ಕ

ಹೌದು, ಅದು ಹೆಪ್ಪುಗಟ್ಟಬೇಕಾದರೆ ಸೊನ್ನೆಗಿಂತ ಬಹಳ ಕೆಳಗೆ ಇಳಿಯಬೇಕು. ಆದರೆ ಈ ಪರೀಕ್ಷೆ ಅರ್ಧ ಮಾತ್ರ. ಗಟ್ಟಿಯಾದರೆ ಬೆರಕೆ ಎಂದು ಹೇಳಬಹುದು. ಆಗದಿದ್ದರೆ ಶುದ್ಧ ಎನ್ನಲಾಗದು, ಏಕೆಂದರೆ ಸೋಯಾ, ಸೂರ್ಯಕಾಂತಿ ಬೆರೆಸಿದರೆ ಫ್ರಿಜ್ಜಿಗೆ ಗೊತ್ತಾಗುವುದಿಲ್ಲ.

ಕುಂಬಳೆಯ ಟೀಚರ್ (ಬುಧವಾರ, ಬೆಳಗ್ಗೆ 6.30)

ರಾತ್ರಿಯೇ ಒಂದು ಗಾಜಿನ ಲೋಟಕ್ಕೆ ಎರಡು ಬೆರಳು ಎಣ್ಣೆ ಸುರಿದು, ಮೊಸರಿನ ಪಾತ್ರೆಯ ಪಕ್ಕದಲ್ಲಿ ಇಟ್ಟು ಮಲಗಿದೆ. ಈಗಷ್ಟೇ ತೆಗೆದು ನೋಡಿದೆ. ಮೇಲೆ ಬೆರಳು ತಾಗುವಷ್ಟು ತಿಳಿ ಎಣ್ಣೆ, ಉಳಿದದ್ದೆಲ್ಲ ಬೆಣ್ಣೆಯಂತೆ ಬೆಳ್ಳಗೆ ಕಟ್ಟಿಕೊಂಡಿದೆ. ಲೋಟವನ್ನು ಓರೆ ಮಾಡಿದರೆ ಬಿಳಿಯ ಭಾಗ ಅಲುಗಾಡುವುದಿಲ್ಲ. ಅತ್ತೆಯವರು ಚಮಚದಿಂದ ಒಂದಿಷ್ಟು ಕೆರೆದು, ಅಂಗೈಯಲ್ಲಿ ಕರಗಿಸಿ ಮೂಸಿ, ಇದು ನಮ್ಮ ಮನೆಯ ಡಬ್ಬದ್ದೇ ಎಂದರು.

ಪಡುಗಾಳಿ, ಮಂಜೇಶ್ವರ

ಹಾಗಾದರೆ ಮೂರು ದಿನದಿಂದ ನಾವು ಬಾದಾಮಿಯ ಮೇಲೆ ಹೊರಿಸಿದ ಅಪರಾಧವೆಲ್ಲ ತೆಂಗಿನದು. ಅಡಕೆಸೋಗೆಯವರು ಎಲ್ಲಿದ್ದಾರೆ?

ಅಡಕೆಸೋಗೆ, ನೀರ್ಚಾಲು

ಇಲ್ಲಿಯೇ ಇದ್ದೇನೆ. ಮೋಸ ಮಾಡಿದ್ದು ಅಂಗಡಿಯವನು, ತೆಂಗಿನ ಮರವಲ್ಲ.

ಮದ್ದಿನಂಗಡಿ, ಬದಿಯಡ್ಕ

ಅವಸರದ ತೀರ್ಪು ಬೇಡ. ಗುಳ್ಳೆಗೆ ತೆಂಗಿನೆಣ್ಣೆ, ಸುಗಂಧ, ಯೀಸ್ಟ್, ಮಳೆಗಾಲ, ಯಾವುದು ಎಷ್ಟು ಕಾರಣ ಎಂದು ಈ ಲೋಟ ಹೇಳುವುದಿಲ್ಲ. ಶನಿವಾರದ ಭೇಟಿಯನ್ನು ತಪ್ಪಿಸಬೇಡಿ, ಆ ಬಾಟಲಿಯನ್ನೂ ಕೊಂಡುಹೋಗಿ ತೋರಿಸಿ.

ಕುಂಬಳೆಯ ಟೀಚರ್ (ಭಾನುವಾರ, ಮಧ್ಯಾಹ್ನ 3.10)

ಹೋಗಿ ಬಂದೆ. ವೈದ್ಯರು ದೀಪದ ಕೆಳಗೆ ಹಣೆಯನ್ನು ನೋಡಿ, ಯೀಸ್ಟಿನ ಗುಳ್ಳೆಗಳೇ ಎಂದರು. ಹಚ್ಚಿ ತೊಳೆಯುವ ಔಷಧ ಕೊಟ್ಟಿದ್ದಾರೆ, ಕೂದಲಿನಂಚಿಗೆ ಯಾವ ಎಣ್ಣೆಯೂ ತಾಗಬಾರದು ಎಂದಿದ್ದಾರೆ. ತಲೆಗೆ ಹಚ್ಚುವ ತೆಂಗಿನೆಣ್ಣೆಯೂ ಕೆಲವು ವಾರ ಬೇಡವಂತೆ; ಅದು ಅತ್ತೆಯವರಿಗೆ ಹಿಡಿಸಲಿಲ್ಲ. ನಾದಿನಿಗೆ ಫೋನ್ ಮಾಡಿ ಅವಳ ಬಾಟಲಿಯನ್ನೂ ಫ್ರಿಜ್ಜಿನಲ್ಲಿ ಇಡಿಸಿದೆ. ಅವಳದು ಬೆಳಗ್ಗೆಯೂ ನೀರಿನಂತೆಯೇ ಇತ್ತು. ಅವಳು ಕೊಟ್ಟ ಬೆಲೆ 100 ಮಿಲಿಲೀಟರಿಗೆ 450 ರೂಪಾಯಿ.

ಡಿಸೆಂಬರಿನಲ್ಲಿ, ಗುಳ್ಳೆಗಳು ಪೂರ್ತಿ ಹೋದ ಮೇಲೆ, ಅವಳಿಂದಲೇ ತರಿಸಿ ಒಮ್ಮೆ ನೋಡಬಹುದೆ?

ಮದ್ದಿನಂಗಡಿ, ಬದಿಯಡ್ಕ

ವೈದ್ಯರು ಒಪ್ಪಿದರೆ ನೋಡಬಹುದು. ಬಾದಾಮಿ, ಗೋಡಂಬಿ ತಿಂದರೆ ತುಟಿ ಬಾಯುವ ಅಲರ್ಜಿ ನಿಮಗಿದ್ದರೆ ಈ ಎಣ್ಣೆಯ ತಂಟೆಗೇ ಹೋಗಬೇಡಿ. ಇಲ್ಲದಿದ್ದರೆ ಮೊದಲು ಮೊಣಕೈಯ ಒಳಮಡಿಕೆಗೆ ಒಂದು ಹನಿ ಹಚ್ಚಿ ಎರಡು ದಿನ ಕಾಯಿರಿ. ಆಮೇಲೆ ದವಡೆಯ ಒಂದು ಬದಿಗೆ ಮಾತ್ರ ಒಂದು ವಾರ. ಮುಖ ತೊಳೆದು, ಇನ್ನೂ ಒದ್ದೆಯಿರುವಾಗಲೇ ಎರಡು ಹನಿಯನ್ನು ಅಂಗೈಯಲ್ಲಿ ಹರಡಿ ಕೆನ್ನೆಗೆ ಒತ್ತಿ. ಹಣೆಯನ್ನೂ ಮೂಗನ್ನೂ ಬಿಡಿ.

ಅಜ್ಜಿಮನೆ, ಮುಳ್ಳೇರಿಯ

ಟೀಚರ್, ಆ 120 ರೂಪಾಯಿಯ ಬಾಟಲಿಯನ್ನು ಎಸೆದಿರಾ?

ಕುಂಬಳೆಯ ಟೀಚರ್ (ಭಾನುವಾರ, ರಾತ್ರಿ 8.00)

ಇಲ್ಲ. ಗೇಟಿನ ತಿರುಗಣಿ ಮಳೆಗೆ ತುಕ್ಕು ಹಿಡಿದು ಕಿರುಗುಟ್ಟುತ್ತಿತ್ತು, ಅದಕ್ಕೆ ಸುರಿದೆವು. ಈಗ ಗೇಟು ತೆರೆದಾಗಲೆಲ್ಲ ಬಾದಾಮಿ ಹಾಲಿನ ಪರಿಮಳ ಬರುತ್ತದೆ.